ದೀಪ ಆರಿಸಿದರೆ ಸಾಲದು

ಓದಲು, ದುಡಿಯಲು ಅಮೆರಿಕಕ್ಕೆ ಹೊರಟ ಮಕ್ಕಳೇ, ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರು ಕೊಂಡರೆ ಒಂದು ಮಾತು ನೆನಪಿಡಿ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಯಲ್ಲಿ ಪಾಸಾಗದೆ ಅದರ ನೋಂದಣಿ ಮುಂದುವರಿಯದು. 1996ರಿಂದೀಚಿನ ಕಾರುಗಳ ಕಂಪ್ಯೂಟರ್ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬ್ಯಾಟರಿ ಕಳಚಿ ಅಥವಾ ಸ್ಕ್ಯಾನರ್ ಹಾಕಿ ಎಚ್ಚರಿಕೆಯ ದೀಪ ಆರಿಸಿದರೆ ಆ ಫಲಿತಾಂಶಗಳೂ ಅಳಿಸಿಹೋಗುತ್ತವೆ. ಕೂಡಲೇ ತಪಾಸಣೆಗೆ ಹೋದರೆ ಕಾರು ನಪಾಸು!

ಮೊದಲು ದೋಷ ಸರಿಪಡಿಸಿ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇರಲಿ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ಚಾಲೂ ಮಾಡಿ, ಊರೊಳಗೆ ನಿಂತು ನಿಂತು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಇದೇ ‘ಡ್ರೈವ್ ಸೈಕಲ್’. ಇದರ ಕ್ರಮ ಕಂಪನಿಗೊಂದು ಬಗೆ. ಕೆಲವು ಕಾರುಗಳಿಗೆ ಹಲವು ದಿನ ಬೇಕು. ಹಿಂದಿನ ರಾತ್ರಿ ಓದಿ ಪಾಸಾಗುವ ನಿಮ್ಮ ವಿದ್ಯೆ ಇಲ್ಲಿ ನಡೆಯದು!