ಗಣಕದೊಳಗಿನ ಸರದಿ: ಮೊದಲು ಯಾರು?

ಆಳಂದದ ಅಂಗಡಿಯೊಂದರಲ್ಲಿ ಕುಳಿತು ಆಂಡ್ರಾಯ್ಡ್ ಫೋನಿನಲ್ಲಿ ಕಡಕೋಳ ಮಡಿವಾಳಪ್ಪನವರ ತತ್ತ್ವಪದವನ್ನು ಕೇಳುತ್ತಿರುವೆವೆಂದು ಭಾವಿಸೋಣ. ಅದೇ ವೇಳೆಗೆ ಫೋನು ಸಂದೇಶಗಳನ್ನು ಪಡೆಯುತ್ತಿರುತ್ತದೆ, ಚಿತ್ರಗಳನ್ನು ತರಿಸಿಕೊಳ್ಳುತ್ತಿರುತ್ತದೆ. ಆದರೂ ಹಾಡು ತುಂಡಾಗದು. ಇದಕ್ಕೆ ಕಾರಣವೇನು?

ಪ್ರೊಸೆಸರಿನ ಕಾಲವನ್ನು ಕೆಲಸಗಳಿಗೆ ಹಂಚಿಕೊಡುವುದು ಕರ್ನೆಲ್, ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಆಂಡ್ರಾಯ್ಡಿನ ತಿರುಳು ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್. ಅದರಲ್ಲಿ ಸಾಮಾನ್ಯ ಕೆಲಸಗಳು ಕಾಲವನ್ನು ಪಾಲು ಹಂಚಿಕೊಳ್ಳುತ್ತವೆ. ಅವುಗಳಿಗಿಂತ ಮೇಲೆ ರಿಯಲ್-ಟೈಮ್ ಕೆಲಸಗಳಿಗೆ 1ರಿಂದ 99ರವರೆಗೆ ಆದ್ಯತೆಯ ಮೆಟ್ಟಿಲುಗಳಿವೆ, 99 ಅತ್ಯುನ್ನತ. ಮೇಲಿನ ಮೆಟ್ಟಿಲಿನ ಕೆಲಸ ಸಿದ್ಧವಾದೊಡನೆ ಕೆಳಗಿನದು ಪ್ರೊಸೆಸರನ್ನು ಬಿಟ್ಟುಕೊಡಬೇಕು.

ಮೇಲಿನ ಸ್ಥಾನ ಯಾರಿಗೆ ಸಲ್ಲಬೇಕು? ದೊಡ್ಡ ಕೆಲಸಕ್ಕಲ್ಲ, ಗಡುವು ಸಮೀಪಿಸಿದ ಕೆಲಸಕ್ಕೆ. ಧ್ವನಿಯು ಸೆಕೆಂಡಿಗೆ 48,000 ಮಾದರಿಗಳಂತೆ ಹೊರಡುವುದಾದರೆ, 240 ಮಾದರಿಗಳ ಕಂತು 5 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಮುಂದಿನ ಕಂತು ಬಾರದಿದ್ದರೆ ಹಾಡು ಕಡಿಯುತ್ತದೆ. ಆದುದರಿಂದ ರಿಯಲ್-ಟೈಮ್ ಎಂದರೆ ಅತಿವೇಗವಲ್ಲ, ಹೊತ್ತಿಗೆ ಸರಿಯಾಗಿ ಮುಗಿಯುವುದು. ನಿಯತಕಾಲಕ್ಕೊಮ್ಮೆ ಮರಳುವ ಕೆಲಸಗಳಲ್ಲಿ, ಯಾವುದರ ಅವಧಿ ಚಿಕ್ಕದೋ ಅದಕ್ಕೆ ಹೆಚ್ಚಿನ ಆದ್ಯತೆ ಸಲ್ಲಬೇಕೆಂಬ ಸೂತ್ರವನ್ನು ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ವಿವರಿಸಿದರು.

ಆದರೆ ಆದ್ಯತೆಯೊಂದೇ ಸಾಲದು. ಅಫಜಲಪುರ ಅಥವಾ ಜೇವರ್ಗಿಯ ಕಡೆ ಭೀಮಾ ನದಿಗೆ ಕಿರಿದಾದ ಸೇತುವೆಯೊಂದಿದೆಯೆಂದು ಊಹಿಸಿಕೊಳ್ಳಿ. ಕಬ್ಬಿನ ಬಂಡಿ ಸೇತುವೆಯ ಮೇಲಿದೆ; ಹಿಂದೆ ಆಂಬುಲೆನ್ಸ್ ಕಾದಿದೆ. ಆಚೆಯ ಕೂಡುರಸ್ತೆಯಲ್ಲಿ ಬಂಡಿಗಿಂತ ಲಾರಿಗಳಿಗೆ ಮೊದಲ ಹಕ್ಕು. ಲಾರಿಗಳ ಸಾಲು ಮುಗಿಯದೆ ಬಂಡಿ ಇಳಿಯದು, ಬಂಡಿ ಇಳಿಯದೆ ಆಂಬುಲೆನ್ಸ್ ಸಾಗದು. ಲಾರಿಗಿಂತ ಮೇಲಾದ ಆಂಬುಲೆನ್ಸೇ ಲಾರಿಗಾಗಿ ಕಾಯಬೇಕಾಯಿತು! ಇದೇ ಆದ್ಯತೆಯ ತಲೆಕೆಳಗು.

1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಗೆ ಒದಗಿದ ಸಂಕಟ ಇದುವೇ. ಹವಾಮಾನದ ಮಾಹಿತಿ ಸಂಗ್ರಹಿಸುವ ಕೆಳದರ್ಜೆಯ ಕೆಲಸವು ಹಂಚಿಕೆಯ ಬೀಗವನ್ನು ಹಿಡಿದಿರುವಾಗ ಮಧ್ಯಮದರ್ಜೆಯ ಕೆಲಸಗಳು ಅದನ್ನು ತಡೆದವು. ಬೀಗಕ್ಕಾಗಿ ಕಾದ ಮೇಲ್ದರ್ಜೆಯ ಕೆಲಸ ಗಡುವು ಮೀರಿತು. ಗಣಕವು ಮತ್ತೆ ಮತ್ತೆ ಹೊಸದಾಗಿ ಆರಂಭಗೊಂಡಿತು. ಪರಿಹಾರವೂ ಸರಳ: ಸೇತುವೆ ಇಳಿಯುವವರೆಗೆ ಬಂಡಿಗೆ ಆಂಬುಲೆನ್ಸಿನ ಹಕ್ಕನ್ನೇ ಕೊಡುವುದು. ಷಾ, ರಾಜಕುಮಾರ್ ಮತ್ತು ಲೆಹೋಸ್ಕಿ 1990ರ ಲೇಖನದಲ್ಲಿ ವಿಶ್ಲೇಷಿಸಿದ ಈ 'ಆದ್ಯತೆಯ ಉತ್ತರಾಧಿಕಾರ'ವನ್ನು ವಿಜ್ಞಾನಿಗಳು ಭೂಮಿಯಿಂದಲೇ ನೌಕೆಯಲ್ಲಿ ಜಾರಿಗೊಳಿಸಿದರು.

ಇನ್ನೊಂದು ಅಪಾಯವುಂಟು. ಮೇಲಿನ ಮೆಟ್ಟಿಲೇರಿದ ಕೆಲಸವೊಂದು ಕೊನೆಯಿಲ್ಲದೆ ಸುತ್ತತೊಡಗಿದರೆ ಉಳಿದವುಗಳ ಗತಿಯೇನು? ಅದಕ್ಕಾಗಿ ಲಿನಕ್ಸ್ ಸಾಮಾನ್ಯವಾಗಿ ಪ್ರತಿ ಸೆಕೆಂಡಿನಲ್ಲೂ 0.05 ಸೆಕೆಂಡನ್ನು ಸಾಮಾನ್ಯ ಕೆಲಸಗಳಿಗೆಂದು ಮೀಸಲಿಡುತ್ತದೆ. ಎಲ್ಲರಿಗೂ 99 ಕೊಟ್ಟರೆ ಯಾರಿಗೂ ಆದ್ಯತೆಯಿಲ್ಲ. ಅವಸರವುಳ್ಳವರಿಗೆ ದಾರಿ ಬಿಡುವುದರ ಜೊತೆಗೆ, ದಾರಿಯಲ್ಲಿ ಸಿಕ್ಕಿಬಿದ್ದ ಬಡಬಂಡಿಯನ್ನು ದಾಟಿಸುವುದೂ ಸರಿಯಾದ ವ್ಯವಸ್ಥೆಯ ಲಕ್ಷಣ.