ಕಲ್ಲಿನ ಸೀಮೆಯಲ್ಲಿ ಉದ್ಯೋಗವೂ ಬಡ್ತಿಯೂ

ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು ಸುತ್ತಲೂ ಕಣ್ಣಾಡಿಸಿದವರಿಗೆ ಈ ಸೀಮೆಯ ಜನರ ಜೀವನವು ಯಾವುದರ ಮೇಲೆ ನಿಂತಿರುವುದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಒಂದು ಕಡೆ ಸಿಮೆಂಟ್ ಕಾರ್ಖಾನೆಯ ಎತ್ತರದ ಗೋಪುರ. ಇನ್ನೊಂದು ಕಡೆ ಸರಕುಬಂಡಿಗಳ ಸಾಲು. ಮನೆಯ ಅಂಗಳದಲ್ಲಿಯೂ ಗುಡಿಯ ಪಡಸಾಲೆಯಲ್ಲಿಯೂ ಕಾಲಿಟ್ಟಲ್ಲೆಲ್ಲ ಶಹಾಬಾದಿನ ಫರಸಿ. ಇಲ್ಲಿಂದ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುದಾರಿ 1874ರಲ್ಲಿ ತೆರೆಯಿತು. 1936ರಲ್ಲಿ ಎ.ಸಿ.ಸಿ. ಎಂಬ ದೊಡ್ಡ ಸಂಸ್ಥೆಯು ಏರ್ಪಟ್ಟಾಗ ಶಹಾಬಾದಿನ ಸಿಮೆಂಟ್ ಕಾರ್ಖಾನೆಯು ಅದರೊಳಗೆ ಸೇರಿತ್ತು. ವಾಡಿಯ ಕಾರ್ಖಾನೆ 1968ರದು; ಸೇಡಂ ಮತ್ತು ಮಳಖೇಡದವು 1980ರ ದಶಕದಲ್ಲಿ ಬಂದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರನ್ನು ಇಂದು ಲಾರಿಗಳ ಚೀಟಿಯ ಮೇಲೆ ಓದುವವರೇ ಹೆಚ್ಚು. ಇರಲಿ, ಅನ್ನ ಕೊಡುವ ಹೆಸರು ಯಾವುದಾದರೂ ದೊಡ್ಡದೇ.

ಇಷ್ಟೆಲ್ಲ ಕಾರ್ಖಾನೆಗಳಿದ್ದರೂ ಈ ಊರುಗಳ ಅನೇಕ ಮನೆಗಳಲ್ಲಿ ನಾವು ಕೇಳುವ ಮಾತು ಒಂದೇ: "ಹುಡುಗ ಹತ್ತು ವರ್ಷದಿಂದ ದುಡಿಯುತ್ತಾನೆ, ಆದರೆ ಇದ್ದಲ್ಲಿಯೇ ಇದ್ದಾನೆ." ಇದಕ್ಕೆ ಹಣೆಬರಹವನ್ನೋ ಮೇಲಧಿಕಾರಿಯ ಪಕ್ಷಪಾತವನ್ನೋ ಕಾರಣವಾಗಿ ಹೇಳುವುದುಂಟು. ಪಕ್ಷಪಾತವಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ನಾವು ಕಂಡ ಮಟ್ಟಿಗೆ, ಮುಂದೆ ಬರಲಾರದವರಲ್ಲಿ ಹೆಚ್ಚಿನವರಿಗೆ ಕೆಲಸ ಬಾರದೆ ಇಲ್ಲ. ಕೆಲಸ ಬರುತ್ತದೆಂಬುದಕ್ಕೆ ಸಾಕ್ಷಿ ಇಲ್ಲ.

ನಮ್ಮ ಪರಿಚಿತರೊಬ್ಬರ ಸಂಗತಿಯನ್ನು ಹೇಳುತ್ತೇವೆ. ಚಿತ್ತಾಪುರದ ಕಡೆಯವರು, ಫಿಟ್ಟರ್ ಕೆಲಸದಲ್ಲಿ ನುರಿತವರು. ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದರು. ಯಂತ್ರದ ಸದ್ದನ್ನು ಕೇಳಿಯೇ ಯಾವ ಬೇರಿಂಗು ಸವೆದಿದೆಯೆಂದು ಹೇಳುವಷ್ಟು ಅವರ ಕಿವಿ ಪಳಗಿತ್ತು. ಆದರೆ ಕೆಲಸವೆಲ್ಲ ಗುತ್ತಿಗೆದಾರರ ಕೈಕೆಳಗೆ. ಆ ಅವಧಿಯಲ್ಲಿ ಗುತ್ತಿಗೆದಾರರು ನಾಲ್ಕು ಜನ ಬದಲಾದರು. ಬೇರೊಂದು ಕಡೆ ಮೇಲ್ವಿಚಾರಕನ ಜಾಗ ತೆರವಾಗಿರುವುದೆಂದು ತಿಳಿದು ಹೋದಾಗ ಅನುಭವದ ಪತ್ರ ಕೇಳಿದರು. ಇವರ ಬಳಿ ಕೊನೆಯ ಎರಡು ವರ್ಷದ ಗುರುತಿನ ಚೀಟಿಯ ಹೊರತು ಬೇರೇನೂ ಇರಲಿಲ್ಲ. ಮನೆಗೆ ಬಂದು ನಮ್ಮೆದುರು ಕುಳಿತು ಅವರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: "ನಾ ಎಷ್ಟು ವರ್ಷ ದುಡದೀನಿ ಅನ್ನೋದು ಆ ಗೇಟಿಗಿ ಗೊತ್ತದರಿ, ಕಾಗದಕ್ಕ ಗೊತ್ತಿಲ್ಲರಿ." ಆ ಜಾಗವು ಅವರ ಅರ್ಧದಷ್ಟೂ ಅನುಭವವಿಲ್ಲದ ತರುಣನೊಬ್ಬನಿಗೆ ಹೋಯಿತು. ಅವನಲ್ಲಿ ಐ.ಟಿ.ಐ. ಪ್ರಮಾಣಪತ್ರವೂ ಮೂರು ವರ್ಷದ ಸಂಬಳದ ಚೀಟಿಗಳೂ ಇದ್ದವು. ತರುಣನ ಮೇಲೆ ನಮಗೆ ಯಾವ ಅಸೂಯೆಯೂ ಇಲ್ಲ. ಅವನು ಮಾಡತಕ್ಕದ್ದನ್ನು ಮಾಡಿಕೊಂಡಿದ್ದನು.

ಆದುದರಿಂದ ಉದ್ಯೋಗಕ್ಕೆ ಸೇರಿದ ದಿನವೇ ಕೇಳಿ ಪಡೆಯಬೇಕಾದುದು ನೇಮಕಾತಿ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದನ್ನು ಕೊಡುವುದು ಮಾಲೀಕನ ಕರ್ತವ್ಯವೆಂದು ವಿಧಿಸಿವೆ. ಕೇಳುವವನು ಭಿಕ್ಷೆ ಬೇಡುತ್ತಿಲ್ಲ. ಗುತ್ತಿಗೆದಾರನು ಬದಲಾಗುವ ಕಾಲದಲ್ಲಿ ಹಳೆಯವನಿಂದ ಅನುಭವದ ಪತ್ರವನ್ನು ಬರೆಯಿಸಿಕೊಳ್ಳದೆ ಬಿಡಬಾರದು. ಅವನು ಊರು ಬಿಟ್ಟ ಮೇಲೆ ಹುಡುಕಿಕೊಂಡು ಹೋಗುವುದು ವ್ಯರ್ಥಾಲಾಪ. ಆ ಪತ್ರದಲ್ಲಿ "ಕೆಲಸಗಾರ" ಎಂದಷ್ಟೇ ಬರೆದರೆ ಸಾಲದು. ಯಾವ ಯಂತ್ರದ ಮೇಲೆ, ಯಾವ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಸ್ಪಷ್ಟವಾಗಿರಬೇಕು.

ಭವಿಷ್ಯನಿಧಿಯ ವಿಷಯದಲ್ಲಿ ನಮ್ಮ ಜನರ ಅಲಕ್ಷ್ಯವು ಆಶ್ಚರ್ಯಕರವಾದುದು. ಕೆಲಸಗಾರನ ಸಂಬಳದಿಂದ ಸಾಮಾನ್ಯವಾಗಿ ನೂರಕ್ಕೆ 12ರಂತೆ ಹಿಡಿಯುವರು. ಮಾಲೀಕನೂ ಅಷ್ಟನ್ನೇ ಕೊಡಬೇಕು. 2014ರಿಂದ ಈಚೆಗೆ ಪ್ರತಿಯೊಬ್ಬ ಸದಸ್ಯನಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆಯುಂಟು. ಮಾಲೀಕನು ಬದಲಾದರೂ ಸಂಖ್ಯೆ ಬದಲಾಗತಕ್ಕದ್ದಲ್ಲ. ಹೊಸ ಗುತ್ತಿಗೆದಾರನು ಹೊಸ ಸಂಖ್ಯೆಯನ್ನು ತೆಗೆಯಿಸಿದರೆ ಹಳೆಯ ಸೇವೆಯು ಬೇರೆಯಾಗಿ ಬಿದ್ದುಹೋಗುವುದು. ಇದಕ್ಕಿಂತಲೂ ಹೆಚ್ಚಿನ ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ಶರಣಬಸಪ್ಪ, ಆಧಾರ್ ಚೀಟಿಯಲ್ಲಿ ಶರಣಪ್ಪ, ಗೇಟಿನ ಹಾಜರಿಯಲ್ಲಿ ಬರಿಯ ಬಸಪ್ಪ! ಮೂವರೂ ಒಬ್ಬನೇ ಎಂದು ತಾಯಿಗೆ ಗೊತ್ತು, ಕಚೇರಿಗೆ ಗೊತ್ತಿಲ್ಲ. ಹುಡುಗನು ಕೆಲಸಕ್ಕೆ ಸೇರುವ ಮುನ್ನವೇ ಇವನ್ನೆಲ್ಲ ಒಂದುಮಾಡಿಸಿಕೊಳ್ಳುವುದು ಜಾಣತನ.

ಇನ್ನು ಬಡ್ತಿಯ ಮಾತು. ಸಿಮೆಂಟ್ ಎಂದರೆ ಧೂಳು, ಚೀಲ, ಹೊರೆ ಎಂದು ತಿಳಿದವರಿದ್ದಾರೆ. ಗಣಿಯ ಸುಣ್ಣಕಲ್ಲನ್ನು ಒಡೆದು, ಅರೆದು, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಿರುಗುವ ಕುಲುಮೆಯಲ್ಲಿ ಸುಟ್ಟು, ಬಂದ ಕ್ಲಿಂಕರಿಗೆ ಜಿಪ್ಸಮ್ ಸೇರಿಸಿ ಮತ್ತೆ ಅರೆದಾಗ ಸಿಮೆಂಟಾಗುವುದು. ಈ ಒಂದೊಂದು ಹಂತದಲ್ಲಿಯೂ ಬೇರೆ ಬೇರೆ ವಿದ್ಯೆಯ ಜನ ಬೇಕು: ಫಿಟ್ಟರು, ಎಲೆಕ್ಟ್ರಿಷಿಯನ್ನು, ಮಾಪಕಯಂತ್ರಗಳನ್ನು ಸರಿಪಡಿಸುವವನು, ಪ್ರಯೋಗಶಾಲೆಯ ಸಹಾಯಕ, ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕುಳಿತು ಕುಲುಮೆಯನ್ನು ನಡೆಸುವವನು. ಚೀಲ ಹೊರುವ ಕೆಲಸಕ್ಕೆ ಯಂತ್ರ ಬಂದರೆ ಹೊರುವವನು ಮನೆಗೆ ಹೋಗುವನು. ಆ ಯಂತ್ರವನ್ನು ರಿಪೇರಿ ಮಾಡುವವನನ್ನು ಮನೆಯಿಂದ ಕರೆಕಳಿಸುವರು.

ಗಣಿಯ ಕೆಲಸದಲ್ಲಿಯಂತೂ ಏಣಿಯ ಮೆಟ್ಟಲುಗಳನ್ನು ಕಾನೂನೇ ಕಟ್ಟಿಕೊಟ್ಟಿದೆ. ಗಣಿಸುರಕ್ಷತಾ ಮಹಾನಿರ್ದೇಶನಾಲಯದವರು ಮೇಟ್, ಬ್ಲಾಸ್ಟರ್, ಫೋರ್‌ಮನ್ ಎಂಬ ಪ್ರಮಾಣಪತ್ರಗಳಿಗಾಗಿ ಪರೀಕ್ಷೆ ನಡೆಸುವರು. ಬ್ಲಾಸ್ಟರನ ಪತ್ರವಿಲ್ಲದವನು ಸಿಡಿಮದ್ದು ತುಂಬಿ ಹಾರಿಸುವಂತಿಲ್ಲ. ಗಣಿಯ ಒಂದು ಭಾಗದ ಹೊಣೆಯನ್ನು ಹೊರುವುದಕ್ಕೆ ಮೇಟಿನ ಪತ್ರ ಬೇಕು. ಕಲ್ಲು ಒಡೆಯುತ್ತಲೇ ಕೂದಲು ನರೆತವರು ಎಷ್ಟೋ ಮಂದಿ ಈ ಪರೀಕ್ಷೆಯ ಹೆಸರನ್ನೇ ಕೇಳಿಲ್ಲ. ಇದಕ್ಕೆ ಬೇಕಾದುದು ಗಣಿಯಲ್ಲಿ ಮಾಡಿದ ಕೆಲಸದ ಅನುಭವ, ವೈದ್ಯರ ಪತ್ರ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಮುಂತಾದವು. ಮತ್ತೆ ಬಂತು ನೋಡಿರಿ, ಅನುಭವದ ಪತ್ರ! ಗಣಿಯ ವ್ಯವಸ್ಥಾಪಕರ ಸಹಿ ಇಲ್ಲದಿದ್ದರೆ ಇಪ್ಪತ್ತು ವರ್ಷದ ಬೆವರೂ ಅರ್ಜಿಯ ಮೇಲೆ ಕಾಣಿಸದು. ಒಮ್ಮೆ ಪಡೆದ ಪ್ರಮಾಣಪತ್ರವಾದರೋ ಒಬ್ಬ ಯಜಮಾನನ ಸೊತ್ತಲ್ಲ. ಸೇಡಮ್ಮಿನ ಗಣಿಯಲ್ಲಿ ಪಡೆದುದು ರಾಜಸ್ಥಾನದ ಗಣಿಯಲ್ಲಿಯೂ ನಡೆಯುವುದು. ಶಹಾಬಾದಿನ ಆ ಹಳೆಯ ಸಿಮೆಂಟ್ ಕಾರ್ಖಾನೆಯು ಇಂದು ನಡೆಯುತ್ತಿಲ್ಲವೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಅಂಥ ಕಾರ್ಖಾನೆಯ ಬಾಗಿಲು ಮುಚ್ಚಬಹುದೆಂದು ಅಲ್ಲಿಯ ಹಿರಿಯರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಭಾಷೆಯ ವಿಷಯದಲ್ಲಿ ಈ ಸೀಮೆಯವರಿಗೆ ಹುಟ್ಟಿನಿಂದ ಬಂದ ಒಂದು ಬಂಡವಾಳವುಂಟು. ಅದನ್ನು ಅವರೇ ಬಂಡವಾಳವೆಂದು ಎಣಿಸುವುದಿಲ್ಲ. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡಿ ತಹಸೀಲಿನಲ್ಲಿ ಉರ್ದುವಿನ ಅರ್ಜಿ ಬರೆದ ಹಿರಿಯರ ಮಕ್ಕಳು, ಸೇಡಂ ಚಿಂಚೋಳಿಗಳ ಗಡಿಯಲ್ಲಿ ತೆಲುಗನ್ನೂ ಸಂತೆಯಲ್ಲಿ ದಖನಿಯನ್ನೂ ಕಲಿತವರು, ಉತ್ತರದಿಂದ ಬಂದ ಎಂಜಿನಿಯರನ ಹಿಂದಿಗೆ ಅಂಜಬೇಕಾದುದಿಲ್ಲ. ಕೊರತೆಯಿರುವುದು ಬರೆಹದಲ್ಲಿ. ಷಿಫ್ಟು ಮುಗಿಯುವಾಗ ಯಾವ ಯಂತ್ರ ಎಷ್ಟು ಹೊತ್ತು ನಿಂತಿತು, ಏತಕ್ಕೆ ನಿಂತಿತು, ಏನು ಮಾಡಲಾಯಿತು ಎಂಬುದನ್ನು ಪುಸ್ತಕದಲ್ಲಿ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕಾಗುವುದು. ಈ ನಾಲ್ಕು ಸಾಲಿಗೆ ಹೆದರಿ ಬಡ್ತಿಯನ್ನೇ ಬೇಡವೆಂದವರನ್ನು ನಾವು ಬಲ್ಲೆವು. ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಪದಗಳು ನೂರಕ್ಕೆ ಮೀರಲಾರವು. ಹೈಸ್ಕೂಲಿನಲ್ಲಿ ಓದುವ ಮಗಳ ಪಕ್ಕದಲ್ಲಿ ದಿನವೂ ಕಾಲುಗಂಟೆ ಕುಳಿತರೆ ಒಂದು ಮಳೆಗಾಲದೊಳಗೆ ಬಂದುಬಿಡುವುದು. ಮಗಳ ಮುಂದೆ ವಿದ್ಯಾರ್ಥಿಯಾಗುವುದರಲ್ಲಿ ನಾಚಿಕೆಯೇನು?

ಸರ್ಕಾರಿ ನೌಕರಿಯ ಆಸೆಯನ್ನೂ ಒಂದಿಷ್ಟು ವಿಚಾರಿಸೋಣ. ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದಂದಿನಿಂದ ಈ ಪ್ರಾಂತದವರಿಗೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಮೀಸಲಾತಿಯುಂಟು. ಅದರ ಅರ್ಹತಾ ಪತ್ರವನ್ನು ಮಕ್ಕಳು ಓದುತ್ತಿರುವಾಗಲೇ ಮಾಡಿಸಿಡುವುದು ಒಳ್ಳೆಯದು. ಆದರೆ ಖಾಸಗಿ ಕಾರ್ಖಾನೆಗಳಿಗೆ ಆ ವಿಧಿಯು ಅನ್ವಯಿಸುವುದಿಲ್ಲ. ಇದನ್ನರಿಯದೆ, ಸರ್ಕಾರದ ಪರೀಕ್ಷೆಯ ಹಾದಿ ಕಾಯುತ್ತ ಐದಾರು ವರ್ಷ ಕೈಕಟ್ಟಿ ಕುಳಿತ ಪದವೀಧರರು ತಾಲ್ಲೂಕಿಗೆ ಎಷ್ಟೋ ಜನ. ಪರೀಕ್ಷೆಗೆ ಓದಬಾರದೆಂದಲ್ಲ, ಓದುತ್ತಲೇ ಒಂದು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಕಲಿತರೆ ಯಾರ ಮಾನವೂ ಹೋಗದು.

ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಡುವ ಕುಟುಂಬಗಳ ಕಷ್ಟವು ಇನ್ನೊಂದು ಬಗೆಯದು. ತೊಗರಿಯ ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಬೀಳುವುದು. ಇವರಲ್ಲಿ ಗಾರೆಯ ಕೆಲಸ ಬಲ್ಲವರು, ಕಬ್ಬಿಣ ಕಟ್ಟುವವರು ಎಷ್ಟೋ ಮಂದಿ. ಹಾಜರಿಯ ಪುಸ್ತಕದಲ್ಲಿ ಎಲ್ಲರೂ ಕೂಲಿಗಳೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಲು ವರ್ಷದಲ್ಲಿ 90 ದಿನ ಆ ಕೆಲಸ ಮಾಡಿದ ದಾಖಲೆ ಬೇಕು. ಹೆಂಗಸರು ಗಂಡಸರೊಡನೆ ಸಮಸಮವಾಗಿ ದುಡಿದೂ ತಮ್ಮ ಹೆಸರನ್ನು ಬರೆಯಿಸುವುದಿಲ್ಲ. ಗಂಡನ ಹೆಸರಿದ್ದರೆ ಸಾಕೆನ್ನುವರು. ಸಾಲದು.

ಧೂಳಿನ ಮಾತನ್ನು ಹೇಳದೆ ಮುಗಿಸಲಾಗದು. ಮುಖವಾಡವನ್ನು ಗದ್ದಕ್ಕೆ ಇಳಿಸಿಕೊಂಡು ಕೆಲಸಮಾಡುವುದು ಶೂರತನವೆಂದು ತರುಣರು ಭಾವಿಸಿರುವಂತಿದೆ. ಕಲ್ಲಿನ ನುಣುಪು ಧೂಳು ಪುಪ್ಪುಸದಲ್ಲಿ ಒಮ್ಮೆ ಮನೆಮಾಡಿತೆಂದರೆ ಅದನ್ನು ಬಿಡಿಸುವ ಔಷಧಿಯಿಲ್ಲ. ಗಣಿಯವರು ಗೊತ್ತಾದ ಅವಧಿಗೊಮ್ಮೆ ಮಾಡಿಸುವ ವೈದ್ಯ ಪರೀಕ್ಷೆಯ ವರದಿಯ ಪ್ರತಿಯನ್ನು ಕೇಳಿ ತಂದು, ಉಳಿದ ಕಾಗದಗಳ ಜೊತೆಗೇ ಇಡಬೇಕು.

ಎಲ್ಲಿಡುವುದು? ನಾವು ಮೊದಲು ಹೇಳಿದ ಆ ಫಿಟ್ಟರರ ಮನೆಗೆ ಈಚೆಗೆ ಹೋಗಿದ್ದೆವು. ಅವರ ಹೆಂಡತಿ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ತಂದು ನಮ್ಮೆದುರಿಗಿಟ್ಟರು. ಮೊದಲು ಅದರಲ್ಲಿ ಮದುವೆಯ ಸೀರೆ ಇರುತ್ತಿತ್ತಂತೆ. ಈಗ ಎರಡು ವರ್ಷದ ಸಂಬಳದ ಚೀಟಿಗಳು ತಿಂಗಳುವಾರಿಯಾಗಿ ದಾರದಲ್ಲಿ ಪೋಣಿಸಿವೆ. ಮೇಲೆ ಮಗನ ಐ.ಟಿ.ಐ. ಪ್ರವೇಶದ ರಸೀತಿ. ಸೀರೆ ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ ಆ ತಾಯಿ ನಕ್ಕು, ಗೂಟಕ್ಕೆ ನೇತುಹಾಕಿದ್ದ ಗಂಟನ್ನು ತೋರಿಸಿದರು.