ತೆಂಗಿನ ವಿಡಿಯೊಗೆ ಎಷ್ಟು ದೊಡ್ಡ ಸರ್ವರ್?

ತುರುವೇಕೆರೆ ಕಡೆಯ ತೋಟಗಳಲ್ಲಿ ಕಪ್ಪುತಲೆ ಹುಳು ಗರಿಗಳನ್ನು ಒಣಗಿಸುತ್ತಿದೆ. ಅದರ ಹತೋಟಿಯ ವಿಡಿಯೊಗಳನ್ನು ನಮ್ಮದೇ ಜಾಲತಾಣದಲ್ಲಿ ರೈತರಿಗೆ ತೋರಿಸಬೇಕೆಂಬ ಆಸೆ ನನ್ನದು. ವಿಡಿಯೊ ಇಡುವ ಜಾಗ ದೊಡ್ಡ ಖರ್ಚಲ್ಲ, ಕಳಿಸುವುದೇ ಖರ್ಚು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ 10 ನಿಮಿಷದ ವಿಡಿಯೊ 1200 ಮೆಗಾಬಿಟ್. 8 ಬಿಟ್‌ಗೆ ಒಂದು ಬೈಟ್, ಅಂದರೆ 150 ಎಂಬಿ. 1000 ಜನ ಪೂರ್ತಿ ನೋಡಿದರೆ 150 ಜಿಬಿ. ಕಷ್ಟ ಬರುವುದು ಎಲ್ಲರೂ ಒಟ್ಟಿಗೆ ಬಂದಾಗ. ತಿಪಟೂರಿನಲ್ಲಿ ಕೊಬ್ಬರಿ ಹರಾಜು ಮುಗಿದ ಹೊತ್ತಿಗೆ 200 ರೈತರು ಒಮ್ಮೆಲೇ ತೆರೆದರೆ ಸೆಕೆಂಡಿಗೆ 400 ಮೆಗಾಬಿಟ್ ಬೇಕು. ದಿನದ ಸರಾಸರಿ ನೋಡಿ ಸರ್ವರ್ ಹಿಡಿದರೆ ಆಗ ವಿಡಿಯೊ ನಿಂತುಹೋಗುತ್ತದೆ. ಚಿಕ್ಕನಾಯಕನಹಳ್ಳಿ ಕಡೆ ಸಿಗ್ನಲ್ ಕಡಿಮೆಯಿರುವ ಊರುಗಳಿಗೆ ಕಡಿಮೆ ಗುಣಮಟ್ಟದ (360ಪಿ) ಪ್ರತಿಯನ್ನೂ ಮೊದಲೇ ಸಿದ್ಧಮಾಡಿಡಬೇಕು. ತಾಣ ಕಟ್ಟುವವರು ದಯವಿಟ್ಟು ಈ ಲೆಕ್ಕ ಮುಗಿಸಿಯೇ ದುಡ್ಡು ಕಟ್ಟಿ.